ಹುಲ್ಲಿನಲ್ಲಿ ಕಟ್ಟಿದ ಹಣ್ಣು

ದಾಕ್ಷಾಯಿಣಿಯ ಹೊಟ್ಟೆಗೆ ಕಿಚ್ಚು ಬಿದ್ದದ್ದು ಒಂದು ಮಂಗಳವಾರ, ಮಧ್ಯಾಹ್ನದ ಬುತ್ತಿ ಬಿಚ್ಚುವ ಹೊತ್ತಿಗೆ. ರೊಟ್ಟಿ ಮುರಿದು ಬದನೆಕಾಯಿ ಪಲ್ಯ ಹಚ್ಚಿದ್ದಳು, ಇನ್ನೂ ಬಾಯಿಗಿಟ್ಟಿರಲಿಲ್ಲ, ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಆ ಕಡೆ ಪೂನಮ್.

“ಅಕ್ಕಾ! ಮಿಚಿರು ನಂಗ ಬರದಾಳ್ರಿ! ನಂಗ! ಖರೇನ ಅಕ್ಕಾ!”

ತುತ್ತು ಡಬ್ಬಿಗೇ ಮರಳಿತು. “ಏನ್ ಬರದಾಳ?” ಎಂದಳು ದಾಕ್ಷಾಯಿಣಿ. ಆ ದನಿ ಅವಳಿಗೇ ತನ್ನದು ಅನ್ನಿಸಲಿಲ್ಲ.

ಮಿಚಿರು ಯಾರು ಅಂತ ನೀವು ಕೇಳಬೇಕು, ಕೇಳಿರಿ. ಸಂಕೇಶ್ವರದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕೂಗಿದರೂ ಒಂದು ನರಪಿಳ್ಳೆಗೆ ಗೊತ್ತಾಗದ ಹೆಸರದು. ಜಪಾನಿನ ಒಂದು ಬಂದರು ಊರಿನಲ್ಲಿ ಯೊನ್‌ಬಾನ್‌ಸೆನ್ ಅಂತ ಒಂದು ಸಣ್ಣ ರಾಕ್ ಬ್ಯಾಂಡ್. ಹೆಸರಿನ ಅರ್ಥ ನಾಲ್ಕನೇ ಪ್ಲಾಟ್‌ಫಾರ್ಮ್. ಬೆನ್ನಿಗೆ ದೊಡ್ಡ ಕಂಪನಿಯಿಲ್ಲ, ಟಿವಿಯಲ್ಲಿ ಬರುವುದಿಲ್ಲ, ತಾವೇ ಹಾಡು ಕಟ್ಟಿ ತಾವೇ ರೆಕಾರ್ಡ್ ಮಾಡಿ ತಾವೇ ಬಿಡುವ ಮೂರು ಜನ. ಗಿಟಾರ್ ಹಿಡಿದು ಹಾಡುವವಳು ಮಿಚಿರು. ಅವರ ಊರಲ್ಲೇ ಅವರನ್ನು ಬಲ್ಲವರು ಕಡಿಮೆ. ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕು ಜಾಲಾಡಿದರೆ ಅವರಿಗೆ ಸಿಗುವ ಅಭಿಮಾನಿಗಳು ಮೂವರು, ಆ ಮೂವರಲ್ಲಿ ಮೊದಲನೆಯವಳು ದಾಕ್ಷಾಯಿಣಿ. ಈ ‘ಮೊದಲನೆಯವಳು’ ಎಂಬ ಮಾತನ್ನು ಮರೆಯಬೇಡಿ. ಅವಳಂತೂ ಒಂದು ದಿನವೂ ಮರೆತವಳಲ್ಲ.

ಅವಳು ಆ ಬ್ಯಾಂಡನ್ನು ಕಂಡುಕೊಂಡದ್ದು ಲಾಕ್‌ಡೌನಿನಲ್ಲಿ. ಹೆದ್ದಾರಿ ಪಕ್ಕದ ಕೊರಿಯರ್ ಕೌಂಟರಿನಲ್ಲಿ ಅವಳದು ಬುಕಿಂಗ್ ಕೆಲಸ, ಆಗ ಅದಕ್ಕೆ ಬೀಗ. ಗಂಡ ಮಲ್ಲೇಶ ಸಕ್ಕರೆ ಕಾರ್ಖಾನೆಯ ತೂಕದ ಕಾಂಟಾದಲ್ಲಿ ಇರುವವನು, ಅವನೂ ಮನೆಯಲ್ಲೇ. ಒಂದು ಮಧ್ಯಾಹ್ನ ಶೇಂಗಾ ಸುಲಿಯುತ್ತ ಕೂತಾಗ ಫೋನು ತಾನಾಗಿಯೇ ಒಂದು ಹಾಡಿನಿಂದ ಇನ್ನೊಂದಕ್ಕೆ ಜಾರಿ ಕೊನೆಗೆ ಮಿಚಿರುವಿನ ದನಿಗೆ ಬಂದು ನಿಂತಿತು. ಒಂದು ಅಕ್ಷರ ತಿಳಿಯಲಿಲ್ಲ. ಆದರೂ ಶೇಂಗಾದ ಮೊರದ ಮುಂದೆ ಕೂತು ದಾಕ್ಷಾಯಿಣಿ ಅತ್ತೇಬಿಟ್ಟಳು. “ಆ ಚೀನಾದವ್ರು ನಿನಗೇನ್ ಮಾಡಿದ್ರ?” ಎಂದು ಮಲ್ಲೇಶ ಕೇಳಿದ. “ಚೀನಾ ಅಲ್ಲರಿ, ಜಪಾನ,” ಎಂದು ಮೂಗೊರೆಸಿಕೊಂಡಳು. ಈ ಆರು ವರ್ಷದಲ್ಲಿ ಅವನು ಆ ತಪ್ಪನ್ನು ತಿದ್ದಿಕೊಂಡಿಲ್ಲ, ಇವಳು ತಿದ್ದುವುದನ್ನೂ ಬಿಟ್ಟಿಲ್ಲ.

ಹಾಡಿನ ಹೆಸರು ‘ಕೊನೆಯ ಕಾಕಿ’, ಅರ್ಥ ಅವಳಿಗೆ ಆಮೇಲೆ ತಿಳಿಯಿತು. ಜಪಾನಿನಲ್ಲಿ ಕಾಕಿ ಅಂತ ಒಂದು ಹಣ್ಣು, ಕಿತ್ತಳೆ ಬಣ್ಣದ್ದು, ನೋಡಲು ಥೇಟ್ ಟೊಮೆಟೊ. ಸುಗ್ಗಿಯಲ್ಲಿ ಎಲ್ಲ ಹಣ್ಣು ಕಿತ್ತ ಮೇಲೂ ತುದಿಕೊಂಬೆಯಲ್ಲಿ ಒಂದನ್ನು ಹಕ್ಕಿಗಳಿಗೆ ಅಂತ ಬಿಡುತ್ತಾರೆ. ಹಾಡಿನಲ್ಲಿ, ಹಾಗೆ ಉಳಿದ ಹಣ್ಣು ಚಳಿಯಲ್ಲಿ ಕೇಳುತ್ತದೆ, ನನ್ನನ್ನು ಯಾರಿಗಾಗಿ ಬಿಟ್ಟಿರಿ ಅಂತ. ಇದು ತಿಳಿದ ದಿನವೇ ದಾಕ್ಷಾಯಿಣಿ ಗೆರೆ ಹಾಕಿದ ಇನ್ನೂರು ಪುಟದ ನೋಟ್‌ಬುಕ್ ತಂದಳು. ಜಪಾನಿ ಅಕ್ಷರ ತಾನೇ ಕಲಿತಳು. ನಲವತ್ತೊಂದು ಹಾಡನ್ನು ಕನ್ನಡ ಲಿಪಿಗಿಳಿಸಿ, ಪ್ರತಿ ಸಾಲಿನ ಕೆಳಗೆ ಅರ್ಥ ಬರೆದಳು. ಪ್ರತಿ ವಿಡಿಯೋದ ಅಡಿಯಲ್ಲೂ ತಪ್ಪದೆ ಎರಡು ಮಾತು ಬರೆದಳು. ಆರು ವರ್ಷ ಬರೆದಳು. ಮಿಚಿರು ಒಂದಕ್ಕೂ ಉತ್ತರ ಕೊಟ್ಟವಳಲ್ಲ.

ಆ ಬ್ಯಾಂಡಿಗೆ ಒಂದು ಪದ್ಧತಿ ಇತ್ತು. ವರ್ಷಕ್ಕೊಮ್ಮೆ ಡಿಸೆಂಬರಿನಲ್ಲಿ ತಮ್ಮ ಊರಲ್ಲಿ ಹಾಡುವಾಗ, ಕೇಳುಗರು ಕಳಿಸಿದ ಸಾಮಾನುಗಳನ್ನೆಲ್ಲ ಮಿಚಿರು ತನ್ನ ಆ್ಯಂಪ್ಲಿಫೈಯರ್ ಮೇಲೆ ಸಾಲಾಗಿ ಇಡುತ್ತಿದ್ದಳು. ಕೊನೆಯ ಹಾಡಿಗೆ ಮುಂಚೆ ಒಂದೊಂದನ್ನೇ ಎತ್ತಿ, ಅಡಿಯಲ್ಲಿ ಬರೆದ ಹೆಸರು, ಊರು ಓದುತ್ತಿದ್ದಳು. ಓದಿ, ತಲೆ ಬಾಗಿಸುತ್ತಿದ್ದಳು. ದಾಕ್ಷಾಯಿಣಿಗೆ ಬೇಕಾದದ್ದು ಇದೊಂದೇ. ಆ ಬಾಯಲ್ಲಿ ತನ್ನ ಹೆಸರು, ಒಂದು ಸಲ. ಮೂರು ವರ್ಷದ ಹಿಂದೆ ಕರದಂಟಿನ ಡಬ್ಬಿ ಕಳಿಸಿದ್ದಳು. ತಿನ್ನುವ ಸಾಮಾನು ಆ ಸಾಲಿನಲ್ಲಿ ಇಡುವುದಿಲ್ಲ ಅಂತ ಅವಳಿಗೆ ಯಾರು ಹೇಳಬೇಕು? ವಿಡಿಯೋ ನಿಲ್ಲಿಸಿ ನಿಲ್ಲಿಸಿ, ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ಹುಡುಕಿದಳು. ಡಬ್ಬಿ ಕಾಣಲಿಲ್ಲ.

ಇನ್ನು ಪೂನಮ್. ಮೂಡಲಗಿಯ ಹುಡುಗಿ, ಇಪ್ಪತ್ತಮೂರು ವರ್ಷ. ತಂದೆ ಹೊಳೆಪ್ಪ ಕಬ್ಬು ಕಡಿಯುವ ಗ್ಯಾಂಗಿನವನು. ಅವಳು ಗೋಕಾಕದಲ್ಲಿ ಮಾಲಿಂಗಪ್ಪನವರ ಗೊಂಬೆ ಶೆಡ್ಡಿನಲ್ಲಿ ಬಣ್ಣ ಬಳಿಯುತ್ತಿದ್ದಳು. ಗೋಕಾಕದ ಕಟ್ಟಿಗೆಯ ಹಣ್ಣುಗಳನ್ನು ನೀವು ನೋಡಿರಬೇಕಲ್ಲ: ಪೇರಲ, ಮಾವು, ಬಾಳೆ, ಮೂಸಿ ನೋಡುವವರೆಗೆ ಖರೇ ಹಣ್ಣೇ. ಎರಡು ವರ್ಷದ ಹಿಂದೆ ಯಾವುದೋ ಪ್ರದರ್ಶನಕ್ಕೆ ಪಾರ್ಸಲ್ ಕಳಿಸಲು ಕೌಂಟರಿಗೆ ಬಂದಾಗ ದಾಕ್ಷಾಯಿಣಿಯ ಫೋನಿನಲ್ಲಿ ಮಿಚಿರು ಹಾಡುತ್ತಿದ್ದಳು. “ಯಾವ ಭಾಷಾರೀ ಅಕ್ಕಾ ಇದು? ಇನ್ನೊಮ್ಮೆ ಹಚ್ರಿ,” ಎಂದಳು ಪೂನಮ್. ಅಷ್ಟೇ ಸಾಕಾಯಿತು. ನಾಲ್ಕು ವರ್ಷ ಒಬ್ಬಳೇ ಕೂತು ಕೇಳಿದವಳಿಗೆ ಎದುರು ಒಬ್ಬಳು ಸಿಕ್ಕರೆ ಏನಾಗುತ್ತದೆ ಹೇಳಿ. ದಾಕ್ಷಾಯಿಣಿ ಅವಳಿಗೆ ಅಕ್ಷರ ಕಲಿಸಿದಳು, ನೋಟ್‌ಬುಕ್ ಓದಲು ಕೊಟ್ಟಳು, ಉಚ್ಚಾರ ತಿದ್ದಿದಳು. ನಿಡಸೋಸಿಯ ಕಾಲೇಜಿನ ಲ್ಯಾಬಿನಲ್ಲಿದ್ದ ಸುಶಾಂತನೂ ಹೇಗೋ ಬಂದು ಸೇರಿದ. ಅವನಿಗೆ ಡ್ರಮ್ಮಿನ ಹುಚ್ಚು ಬಿಟ್ಟರೆ ಬೇರೆ ಗೊತ್ತಿಲ್ಲ. ಪ್ರತಿ ತಿಂಗಳ ಕೊನೆಯ ಭಾನುವಾರ ಮೂವರೂ ಹುಕ್ಕೇರಿ ಬಸ್‌ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ಸೇರುತ್ತಿದ್ದರು, ಹುಕ್ಕೇರಿ ಎಲ್ಲರಿಗೂ ನಡುವೆ ಅಂತ. “ಒಮ್ಮೆರ ಮೂಡಲಗಿಗಿ ಬರ್ರಿ ಅಕ್ಕಾ, ನಮ್ಮನಿಗಿ,” ಎಂದು ಪೂನಮ್ ಪ್ರತಿ ಸಲ ಕರೆಯುತ್ತಿದ್ದಳು. “ಬರೂಣು, ಬರೂಣು,” ಎನ್ನುತ್ತಿದ್ದಳು ದಾಕ್ಷಾಯಿಣಿ. ಹೋಗಿರಲಿಲ್ಲ. ಯಾಕೆ ಹೋಗಲಿಲ್ಲ ಎಂಬುದನ್ನು ಅವಳು ತನ್ನನ್ನೇ ಕೇಳಿಕೊಂಡಿರಲಿಲ್ಲ, ನಾನೂ ಕೆದಕುವುದಿಲ್ಲ.

ಪೂನಮ್ ಶಿಷ್ಯೆಯಾಗಿದ್ದಷ್ಟು ದಿನ ಎಲ್ಲ ಚೆನ್ನಾಗಿತ್ತು. ಆ ಮಂಗಳವಾರ ಅದು ಮುಗಿಯಿತು.

ಆದದ್ದು ಇಷ್ಟೇ. ಈ ಡಿಸೆಂಬರಿನದೇ ಕೊನೆಯ ಕಾರ್ಯಕ್ರಮ, ಆಮೇಲೆ ಬ್ಯಾಂಡ್ ನಿಲ್ಲಿಸುತ್ತೇವೆ ಎಂದು ಯೊನ್‌ಬಾನ್‌ಸೆನ್ ತಿಳಿಸಿತ್ತು. ದಾಕ್ಷಾಯಿಣಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಪೂನಮ್ ಮಾಲಿಂಗಪ್ಪನವರ ಬೆನ್ನುಬಿದ್ದು, ಫೋಟೊ ತೋರಿಸಿ, ಜನ್ಮದಲ್ಲಿ ಕಾಕಿ ಕಂಡಿರದ ಆ ಮುದುಕನ ಕೈಯಿಂದ ಕಟ್ಟಿಗೆಯ ಕಾಕಿ ಹಣ್ಣು ಕೆತ್ತಿಸಿ, ಹುಣಸೆಬೀಜದ ಅಂಟು ಬಳಿದು, ಬಣ್ಣ ಹಚ್ಚಿ, ಅದರ ಫೋಟೊವನ್ನು ಬ್ಯಾಂಡಿನ ಪುಟಕ್ಕೆ ಹಾಕಿದ್ದಳು. ಮಿಚಿರು ಕೆಳಗೆ ಬರೆದಿದ್ದಳು: ಇದು ಹಣ್ಣೋ ಕಟ್ಟಿಗೆಯೋ ತಿಳಿಯದೆ ನಾವು ಮೂವರೂ ಜಗಳವಾಡಿದೆವು, ಇದನ್ನು ಕಳಿಸುತ್ತೀರಾ? ಕೊನೆಯ ಸಲ ನನ್ನ ಆ್ಯಂಪಿನ ಮೇಲೆ ನಡುವೆ ಇಡುತ್ತೇನೆ.

ನಡುವೆ! ಅಂಚಿನಲ್ಲೂ ಅಲ್ಲ, ನಡುವೆ.

“ಭಾಳ ಚಲೋ ಆತ್ ನೋಡು,” ಎಂದಳು ದಾಕ್ಷಾಯಿಣಿ. ಫೋನಿಟ್ಟು ಡಬ್ಬಿ ಮುಚ್ಚಿದಳು. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ನಿನ್ನೆ ಮೊನ್ನೆ ಬಂದವಳು! ನಾನು ಕೊಟ್ಟ ಅಕ್ಷರ, ನಾನು ಕೊಟ್ಟ ಹಾಡು, ನಾನು ಹೇಳಿದ ಅರ್ಥ. ನಾನು ಆರು ವರ್ಷ ಬಾಗಿಲು ಬಡಿದೆ, ಇವಳಿಗೆ ಒಳಗಿನಿಂದಲೇ ಕರೆ ಬಂತು. ಆ ಸಂಜೆ ನೋಟ್‌ಬುಕ್ ತೆಗೆದು, ‘ಕೊನೆಯ ಕಾಕಿ’ ಬರೆದ ಪುಟದ ಮೂಲೆಯಲ್ಲಿ ಪೂನಮ್ ಎಂದೋ ಬಿಡಿಸಿದ್ದ ಸಣ್ಣ ಹಕ್ಕಿಯನ್ನು ಕಂಡು, ರಬ್ಬರಿನಿಂದ ತಿಕ್ಕಿದಳು. ಪೆನ್ನಿನ ಗೆರೆ ಹೋಗಲಿಲ್ಲ. ಕಾಗದ ಹರಿಯಿತು.

ಹದಿನೈದು ದಿನಕ್ಕೆ ಪೂನಮ್ ಪೆಟ್ಟಿಗೆ ಹೊತ್ತು ಕೌಂಟರಿಗೆ ಬಂದಳು. ಗೋಕಾಕದಲ್ಲಿ ಕೊರಿಯರ್ ಇರಲಿಲ್ಲವೇ? ಇತ್ತು. ಆದರೆ “ನಿಮ್ಮ ಕೈಲೇನ ಹೋಗಬೇಕ ಅಕ್ಕಾ, ಅದಕ್ಕ ಎರಡ ಬಸ್ ಬದಲ್ ಮಾಡಿ ಬಂದೇನಿ,” ಎಂದಳು.

ಪೆಟ್ಟಿಗೆಯ ಮುಚ್ಚಳ ತೆರೆದಾಗ ಮೇಲೆ ಹಳದಿ ಹುಲ್ಲು. ಪೂನಮ್ ಎರಡೂ ಕೈಯಿಂದ ಹುಲ್ಲು ಸರಿಸಿದಳು, ನಡುವೆ ಕಾಕಿ. ಹೊಟ್ಟೆಕಿಚ್ಚಿನ ಕಣ್ಣಿಗೂ ಅದು ಚೆಲುವಾಗಿತ್ತು, ಅದೇ ದೊಡ್ಡ ಸಂಕಟ. ದಾಕ್ಷಾಯಿಣಿ ಎತ್ತಲು ಕೈ ಚಾಚಿದಳು. ಪೂನಮ್ ಗಬಕ್ಕನೆ ಅವಳ ಮಣಿಕಟ್ಟು ಹಿಡಿದಳು.

“ಎತ್ತಬ್ಯಾಡ್ರಿ ಅಕ್ಕಾ. ಮ್ಯಾಲಿಂದಷ್ಟ ನೋಡ್ರಿ. ಅಡಿ ನೋಡಬ್ಯಾಡ್ರಿ.”

“ಯಾಕ? ಅಡಿಗೆ ಏನೈತಿ?”

“ಹೆಸರ ಬರದೇನ್ರಿ,” ಎಂದು ಪೂನಮ್ ನಕ್ಕು ಮುಖ ತಗ್ಗಿಸಿದಳು. “ಈಗ ನೋಡಿದ್ರ ಮಜಾ ಇರಾಂಗಿಲ್ಲ. ಡಿಸೆಂಬರದಾಗ ಆಕೀನ ಓದ್ತಾಳ, ಆವಾಗ ಕೇಳ್ರಿ.”

ಓಹೋ, ಅಂದುಕೊಂಡಳು ದಾಕ್ಷಾಯಿಣಿ. ತನ್ನ ಹೆಸರನ್ನು ಎಷ್ಟು ದೊಡ್ಡದಾಗಿ ಬರೆದುಕೊಂಡಿದ್ದಾಳೋ, ತೋರಿಸಲು ನಾಚಿಕೆ! ನನ್ನ ಮುಂದೆ ಕೂತು ಕೇಳಬೇಕಂತೆ, ನಾನು ಚಪ್ಪಾಳೆ ಹೊಡೆಯಬೇಕಂತೆ!

“ಹುಲ್ಲ ಯಾಕ ಹಾಕೀರಿ?” ಎಂದು ಕೇಳಿದಳು, ಕೇಳಬೇಕಲ್ಲ ಎಂದು.

“ಮಾಲಿಂಗಪ್ಪ ಕಾಕಾ ಕೇಳಬೇಕಲ್ಲರೀ! ಕಾಗದ ಬಣ್ಣ ನೆಕ್ಕತೈತಿ, ಹುಲ್ಲ ನೆಕ್ಕಾಂಗಿಲ್ಲ ಅಂತಾರ. ಖಾನಾಪುರದ ಕಡೆಯಿಂದ ಭತ್ತದ ಹುಲ್ಲ ತರಸ್ತಾರ, ಅವರಪ್ಪನ ಕಾಲದಿಂದ ಹಿಂಗ ಕಟ್ಟೂದು. ನಾ ಬೇಡ ಅಂದ್ರ ಪೆಟಗಿನ ಕೊಡ್ತಿರಲಿಲ್ಲ ಅವ್ರು.”

ಭತ್ತದ ಹುಲ್ಲು. ದಾಕ್ಷಾಯಿಣಿಯ ಬೆನ್ನ ಹಿಂದಿನ ಗೋಡೆಯಲ್ಲಿ ಒಂದು ಪಟ್ಟಿ ತೂಗುತ್ತಿತ್ತು, ಯಾವ ದೇಶಕ್ಕೆ ಏನು ಕಳಿಸಬಾರದು ಅಂತ. ಬೇರೆ ದೇಶಗಳದು ಅವಳಿಗೆ ಅಷ್ಟಕ್ಕಷ್ಟೇ, ಜಪಾನಿನದು ಬಾಯಿಪಾಠ. ಜಪಾನ್ ಅಂತ ಬರೆದದ್ದು ಏನು ಕಂಡರೂ ಓದುವ ಚಟ ಅವಳದು. ಭತ್ತದ ಹುಲ್ಲು ಪ್ಯಾಕಿಂಗಿಗೂ ಕೂಡದು ಎಂದು ಅದರಲ್ಲಿ ಸ್ಪಷ್ಟವಾಗಿತ್ತು, ಬೆಳೆಗೆ ರೋಗ ಬರುತ್ತದೆ ಅಂತ. ಪೆಟ್ಟಿಗೆ ತೆರೆದು, ಹುಲ್ಲು ಚೆಲ್ಲಿ, ಮೆತ್ತನೆಯ ಬಟ್ಟೆ ಸುತ್ತಿ ಮತ್ತೆ ಕಟ್ಟಲು ಹತ್ತು ನಿಮಿಷ ಸಾಕು. ದಿನಕ್ಕೆ ನಾಲ್ಕು ಪಾರ್ಸಲನ್ನು ಅವಳು ಹಾಗೆ ಬಿಚ್ಚಿ ಕಟ್ಟಿಸುತ್ತಾಳೆ. ಬೈದು ಕಟ್ಟಿಸುತ್ತಾಳೆ.

ಆ ದಿನ ಬೈಯಲಿಲ್ಲ. ಫಾರ್ಮಿನಲ್ಲಿ ‘ಸಸ್ಯವಸ್ತು ಇದೆಯೇ’ ಎಂಬಲ್ಲಿಗೆ ಬಂದಾಗ ಪೆನ್ನು ಒಂದು ಗಳಿಗೆ ನಿಂತಿತು. ಹೇಳು, ಎಂದಿತು ಮನಸ್ಸು. ನಡುವೆ ಇಡುತ್ತೇನೆ ಅಂದಿದ್ದಾಳೆ, ಎಂದಿತು ಅದೇ ಮನಸ್ಸು. ಅವಳು ‘ಇಲ್ಲ’ ಎಂದು ಬರೆದಳು. ಮೂಡಲಗಿಯ ಓಣಿಯ ವಿಳಾಸ ಉದ್ದವಾಯಿತೆಂದು, ವಾಪಸಾತಿಗೆ ತನ್ನ ಕೌಂಟರಿನ ವಿಳಾಸವನ್ನೇ ಹಾಕಿದಳು. ಪೂನಮ್ ಸಹಿ ಮಾಡಿದಳು. ಓದಿ ನೋಡಲಿಲ್ಲ. ಅಕ್ಕ ಬರೆದದ್ದನ್ನು ಓದಿ ನೋಡುವುದೇನು?

“ನೀವ ಇದ್ದಿದ್ದಕ್ಕ ಆತ್ರಿ ಅಕ್ಕಾ,” ಎಂದು ಹೋಗುವಾಗ ಅವಳ ಕೈ ಒತ್ತಿದಳು. ದಾಕ್ಷಾಯಿಣಿ ಕೈ ಬಿಡಿಸಿಕೊಂಡು ಮುಂದಿನ ಗಿರಾಕಿಯನ್ನು ಕರೆದಳು.

ಹನ್ನೊಂದನೇ ದಿನ ಕೌಂಟರಿನ ಕಂಪ್ಯೂಟರಿಗೆ ಸಂದೇಶ ಬಂತು. ಪೆಟ್ಟಿಗೆಯನ್ನು ಜಪಾನಿನ ಕಸ್ಟಮ್ಸಿನಲ್ಲಿ ತಡೆಹಿಡಿಯಲಾಗಿದೆ, ನಿಷೇಧಿತ ಹುಲ್ಲು ಇದೆ. ಹುಲ್ಲನ್ನು ಸುಟ್ಟು ಒಳಗಿನ ವಸ್ತು ತಲುಪಿಸಬಹುದು, ಅದಕ್ಕೆ ಕಳಿಸಿದವರ ಒಪ್ಪಿಗೆ ಏಳು ದಿನದೊಳಗೆ ಬೇಕು. ಬಾರದಿದ್ದರೆ ವಾಪಸು.

ದೇವರು ಇನ್ನೊಂದು ಬಾಗಿಲು ತೆರೆದಿದ್ದ ಅನ್ನಿ. ಪೂನಮ್‌ಗೆ ಒಂದು ಫೋನು, ಒಂದು ಸಾಲು, ಒಂದು ಸಹಿ. ದಾಕ್ಷಾಯಿಣಿ ಒಪ್ಪಿಗೆಯ ಪತ್ರ ಟೈಪೂ ಮಾಡಿದಳು. ಟೈಪು ಮಾಡಿ, ಪೂನಮ್‌ಗೆ ಏನು ಹೇಳಲಿ ಎಂದು ಯೋಚಿಸಿದಳು. ಹುಲ್ಲು ಕೂಡದು ಅಂತ ನಿಮಗೆ ಗೊತ್ತಿರಲಿಲ್ಲವೇ ಅಕ್ಕಾ, ಅಂತ ಅವಳು ಕೇಳಿದರೆ? ನಾಳೆ ನೋಡೋಣ ಎಂದು ಮುಚ್ಚಿದಳು. ನಾಳೆಯೂ ನಾಳೆ ಎಂದಳು. ದಿನಾ ಸಂಜೆ ಪೂನಮ್ ಕೇಳುತ್ತಿದ್ದಳು, “ಎಲ್ಲಿ ಮುಟ್ಟೇತ್ರಿ ಅಕ್ಕಾ?” “ದೂರ ಐತಿ ತಂಗಿ, ಸಮುದ್ರ ದಾಟಬೇಕು, ಬರ್ತೈತಿ ತಡಿ,” ಎನ್ನುತ್ತಿದ್ದಳು ಇವಳು. ಸುಳ್ಳು ಮೊದಲ ದಿನ ಚುಚ್ಚಿತು. ನಾಲ್ಕನೇ ದಿನಕ್ಕೆ ರೂಢಿಯಾಯಿತು. ಎಂಟನೇ ದಿನ ಬೆಳಿಗ್ಗೆ ಎದ್ದಾಗ ಎದೆ ಹಗುರಾಗಿತ್ತು, ಇನ್ನು ಮಾಡುವುದೇನೂ ಉಳಿದಿಲ್ಲವಲ್ಲ ಅಂತ. ಎಂಥ ಹೆಂಗಸು ನೋಡಿ! ಆದರೆ ಅವಳು ಕೂತ ಜಾಗದಲ್ಲಿ ಕೂತಿದ್ದರೆ ನಾನು ಏನು ಮಾಡುತ್ತಿದ್ದೆನೋ, ಆಣೆ ಮಾಡಿ ಹೇಳಲಾರೆ.

ಡಿಸೆಂಬರಿನ ಎರಡನೇ ಭಾನುವಾರ, ಮಧ್ಯಾಹ್ನ ಮೂರೂವರೆ. ಜಪಾನಿನಲ್ಲಿ ಅದು ಸಂಜೆ ಏಳು. ಹುಕ್ಕೇರಿ ಕ್ಯಾಂಟೀನಿನ ಮೂಲೆಯ ಮೇಜು, ಸುಶಾಂತನ ಲ್ಯಾಪ್‌ಟಾಪು, ಮೂರು ಚಹಾ, ಒಂದು ತಟ್ಟೆ ಮಂಡಕ್ಕಿ. ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು, ಬೇರೆ ಹಾಡು ಹಚ್ಚಿಕೊಂಡು ಹೋಗುತ್ತಿದ್ದವು. ಪೂನಮ್ ಹೊಸ ಡ್ರೆಸ್ ಹಾಕಿದ್ದಳು. ಪೆಟ್ಟಿಗೆ ಅಲ್ಲಿಗೆ ಮುಟ್ಟಿದೆ, ಬ್ಯಾಂಡಿನವರ ಕೈಗೆ ಹೋಗುವುದೊಂದೇ ಬಾಕಿ ಅಂತ ದಾಕ್ಷಾಯಿಣಿ ಹೇಳಿದ್ದಳಲ್ಲ, ಆ ಧೈರ್ಯ.

ತೆರೆ ಬೆಳಗಿತು. ಸಣ್ಣ ಹಾಲು, ನೂರು ಜನ ಇರಬಹುದು. ಆ್ಯಂಪಿನ ಮೇಲೆ ಸಾಲಾಗಿ ಸಾಮಾನು: ಬಟ್ಟೆಯ ಆಮೆ, ಗಾಜಿನ ಕುದುರೆ, ಯಾರದೋ ಶಾಲೆಯ ಟೊಪ್ಪಿಗೆ. ನಡುವೆ ಅಂಗೈಯಷ್ಟು ಜಾಗ ಖಾಲಿ.

“ಅಕ್ಕಾ, ಎಲ್ಲೈತಿ?” ಎಂದಳು ಪೂನಮ್. “ಕೆಳಗ ಇಟ್ಟಿರಬೇಕ ತಗೋ,” ಎಂದ ಸುಶಾಂತ, ಮೇಜು ಬಡಿಯುವುದನ್ನು ನಿಲ್ಲಿಸಿ.

ಒಂದೂವರೆ ತಾಸು ಹಾಡಿದರು. ಕೊನೆಗೆ ಮಿಚಿರು ಒಂದೊಂದನ್ನೇ ಎತ್ತಿ ಹೆಸರು ಓದಿದಳು. ಎಲ್ಲ ಮುಗಿದ ಮೇಲೆ ಆ ಖಾಲಿ ಜಾಗದ ಮೇಲೆ ಅಂಗೈ ಇಟ್ಟು ಏನೋ ಹೇಳಿದಳು. ದಾಕ್ಷಾಯಿಣಿಗೆ ಒಂದೊಂದು ಪದವೂ ತಿಳಿಯಿತು. ಆರು ವರ್ಷ ಕಲಿತದ್ದು ಅವತ್ತು ಉಪಯೋಗಕ್ಕೆ ಬಂತು. ಇಲ್ಲಿಗೆ ಭಾರತದಿಂದ ಒಂದು ಹಣ್ಣು ಬರಬೇಕಿತ್ತು. ದಾರಿಯಲ್ಲಿದೆಯಂತೆ. ಅದರಡಿಯ ಹೆಸರು ಓದಬೇಕೆಂದು ಆಸೆಯಿತ್ತು, ಹೆಸರು ಯಾರದೋ ತಿಳಿಯದು. ಹಣ್ಣು ಬರಲಿಲ್ಲವೆಂದು ಹಾಡು ನಿಲ್ಲುವುದಿಲ್ಲ. ಹೀಗೆಂದು ‘ಕೊನೆಯ ಕಾಕಿ’ ಹಾಡಿದಳು.

ಪೂನಮ್ ಅತ್ತಳು. ದುಪಟ್ಟಾ ಬಾಯಿಗೆ ತುರುಕಿಕೊಂಡು ಅತ್ತಳು. ಮಂಡಕ್ಕಿಯವನು ಬಂದು “ಯಾರರ ಹೋದ್ರೇನ್ರಿ?” ಎಂದು ಕೇಳಿದ. ದಾಕ್ಷಾಯಿಣಿ ಅವಳ ಬೆನ್ನು ಸವರಿದಳು. ಬೆನ್ನು ಸವರುವಾಗ ಅವಳ ಒಳಗೊಂದು ಕೆಟ್ಟ ಸಮಾಧಾನವಿತ್ತು. ಇವಳದೂ ಇಲ್ಲ, ನನ್ನದೂ ಇಲ್ಲ, ಈಗ ಸರಿಹೋಯಿತು.

“ಹೋಗ್ಲಿ ಬಿಡ. ನಿನ್ನ ಹೆಸರ ಓದ್ಲಿಲ್ಲಂತ ಇಷ್ಟ ಯಾಕ ಅಳತಿ?”

ಪೂನಮ್ ಕೆಂಪು ಕಣ್ಣೆತ್ತಿ ಅವಳನ್ನೇ ನೋಡಿದಳು. “ನಿಮಗ ಗೊತ್ತಿಲ್ಲ ಅಕ್ಕಾ,” ಎಂದಳು. ಮುಂದೆ ಏನೋ ಹೇಳಹೊರಟು, ಬಾಯಿ ಮುಚ್ಚಿ, ಬಸ್ಸಿಗೆ ಎದ್ದಳು.

ಸಂಕ್ರಾಂತಿ ಮುಗಿದ ಮರುದಿನ ಪೆಟ್ಟಿಗೆ ಕೌಂಟರಿಗೆ ವಾಪಸು ಬಂತು. ಎಲ್ಲ ಕಡೆ ಜಪಾನಿ ಅಂಟುಚೀಟಿ. ಹುಲ್ಲು ಇರಲಿಲ್ಲ. ಕಸ್ಟಮ್ಸಿನವರು ಹುಲ್ಲು ತೆಗೆದು, ಹಣ್ಣಿಗೆ ಗುಳ್ಳೆ ಗುಳ್ಳೆಯ ಪ್ಲಾಸ್ಟಿಕ್ಕನ್ನು ಮೂರು ಸುತ್ತು ಸುತ್ತಿ, ಅಂಚು ಮಡಚಿ, ಕೂಸಿಗೆ ಕಟ್ಟಿದಷ್ಟು ಜತನದಿಂದ ಕಟ್ಟಿ ಕಳಿಸಿದ್ದರು. ದಾಕ್ಷಾಯಿಣಿ ಬಿಚ್ಚಿದಳು. ತಡೆಯುವವರು ಯಾರೂ ಇರಲಿಲ್ಲ. ಹಣ್ಣನ್ನು ತಿರುಗಿಸಿದಳು.

ಅಡಿಯಲ್ಲಿ ಬಿಳಿ ಬಣ್ಣದಲ್ಲಿ, ಸಣ್ಣ ಕುಂಚದಿಂದ, ಮೊದಲು ಜಪಾನಿ ಅಕ್ಷರ, ಕೆಳಗೆ ಕನ್ನಡ: ದಾಕ್ಷಾಯಿಣಿ, ಸಂಕೇಶ್ವರ. ಅದರ ಕೆಳಗೆ ಇನ್ನೂ ಸಣ್ಣದಾಗಿ ಜಪಾನಿಯಲ್ಲಿ, ಅವಳೇ ಕಲಿಸಿದ ಅಕ್ಷರದಲ್ಲಿ: ನಮ್ಮಲ್ಲಿ ಮೊದಲು ಕೇಳಿದವಳು.

ಪೂನಮ್ ಎಂಬ ಹೆಸರು ಎಲ್ಲಿಯೂ ಇರಲಿಲ್ಲ. ದಾಕ್ಷಾಯಿಣಿ ಎರಡು ಸಲ ತಿರುಗಿಸಿ ಹುಡುಕಿದಳು, ಮೂರು ಸಲ ಹುಡುಕಿದಳು. ಎದುರಿಗೆ ಗಿರಾಕಿ “ಬಾಯಾರ, ನಮ್ದು ಬುಕ್ ಮಾಡ್ರಿ,” ಎನ್ನುತ್ತಿದ್ದ. ಅವಳಿಗೆ ಕೇಳಿಸಲಿಲ್ಲ. ಆ ಖಾಲಿ ಜಾಗದ ಮೇಲಿಟ್ಟ ಅಂಗೈ ಕಣ್ಣೆದುರು ಬಂತು. ಅದು ತನ್ನ ಜಾಗ. ಆ ಬಾಯಿ ಓದಬೇಕಿದ್ದದ್ದು ತನ್ನ ಹೆಸರು. ‘ಇಲ್ಲ’ ಎಂದು ಬರೆದದ್ದೂ ತಾನೇ.

ಹಣ್ಣನ್ನು ಪೆಟ್ಟಿಗೆಗಿಟ್ಟುಕೊಂಡು, ಶಟರ್ ಎಳೆದು ಅವಳು ಮೂಡಲಗಿಯ ದಾರಿ ಹಿಡಿದಳು. ಎರಡು ಬಸ್ಸು ಬದಲಿಸಿದಳು.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಎರಡು ಕೋಣೆ, ಗೋಡೆಗೆ ಬುದ್ಧನ ಫೋಟೊ, ಅದರ ಕೆಳಗಿನ ಗೋಡೆಗೂಡಿನಲ್ಲಿ ಪೂನಮ್ ಬಣ್ಣ ಹಚ್ಚಿದ ಪೇರಲಹಣ್ಣುಗಳ ಸಾಲು. ತಾಯಿ ರಾಯವ್ವ ಬಾಗಿಲಿಗೇ ಓಡಿ ಬಂದಳು. “ಯವ್ವಾ, ದಾಕ್ಷಾಯಿಣಿ ಅಕ್ಕಾರೇನ್ರಿ! ಎರಡ ವರ್ಷಾತು, ಬರ್ತಾರ ಬರ್ತಾರ ಅಂತ ದಿನಾ ಹೇಳ್ತಾಳ. ಕುಂದರ್ರಿ, ಚಾ ಮಾಡ್ತೀನಿ.” ಚಹಾ ಬಂತು. ದಾಕ್ಷಾಯಿಣಿ ಲೋಟ ಹಿಡಿದು ಕೂತಳು. ಕುಡಿಯಲು ಆಗಲಿಲ್ಲ, ಕೆಳಗಿಡಲೂ ಆಗಲಿಲ್ಲ.

ಪೂನಮ್ ಕೆಲಸ ಮುಗಿಸಿ ಬಂದಳು. ಬೆರಳಿಗೆ ಹಸಿರು ಬಣ್ಣ ಮೆತ್ತಿತ್ತು. ಪೆಟ್ಟಿಗೆ ಕಂಡೊಡನೆ ಮುಖ ಅರಳಿತು. “ಸಿಕ್ತೇನ್ರಿ! ನೋಡಿದ್ರಿ? ಅಡಿ ನೋಡಿದ್ರಿ?”

“ನೋಡಿದೆ.”

“ಹೋಗ್ಲಿ ಬಿಡ್ರಿ ಅಕ್ಕಾ, ಅಳಬ್ಯಾಡ್ರಿ, ಕಾರ್ಯಕ್ರಮಂತೂ ಮುಗೀತು. ಅವರ ಕಾಯ್ದೆ, ನಮಗೇನ್ ಗೊತ್ತು? ಹುಲ್ಲಿಗಿ ಹಿಡದ್ರಂತ ಈ ಚೀಟ್ಯಾಗ ಐತಲ್ಲ. ನಮ್ಮ ಕಾಕಾಗರ ಏನ್ ಗೊತ್ತಿತ್ತು?”

“ನಂಗ ಗೊತ್ತಿತ್ತು,” ಎಂದಳು ದಾಕ್ಷಾಯಿಣಿ.

ಪೂನಮ್ ತಿಳಿಯದೆ ನೋಡಿದಳು.

“ಹುಲ್ಲ ನಡಿಯಾಂಗಿಲ್ಲ ಅಂತ ನಂಗ ಗೊತ್ತಿತ್ತು. ನಿನ್ನ ಮುಂದನ ಫಾರ್ಮಿನ್ಯಾಗ ಇಲ್ಲ ಅಂತ ಬರದೆ. ಅಲ್ಲಿಂದ ಪತ್ರಾನೂ ಬಂದಿತ್ತು, ಏಳ ದಿನ ಟೈಮ್ ಕೊಟ್ಟಿದ್ರು. ನಾ ಹೇಳ್ಲಿಲ್ಲ.”

“ಯಾಕ್ರಿ?”

ದಾಕ್ಷಾಯಿಣಿ ಬಸ್ಸಿನಲ್ಲಿ ಹತ್ತು ಕಾರಣ ಕಟ್ಟಿಕೊಂಡು ಬಂದಿದ್ದಳು. ಕೆಲಸದ ಗಡಿಬಿಡಿ, ಕಂಪ್ಯೂಟರು ಕೆಟ್ಟಿತ್ತು, ಮರೆವು. ಒಂದೂ ನಾಲಿಗೆಗೆ ಬರಲಿಲ್ಲ. “ಹೊಟ್ಟಿಕಿಚ್ಚು,” ಎಂದಳು. “ಆಕಿ ನಿನಗ ಬರದ್ಲು, ನಂಗ ಬರೀಲಿಲ್ಲ. ಅದಕ್ಕ.”

ಒಳಗೆ ರಾಯವ್ವ ಒಲೆಯ ಮುಂದೆ ಏನೋ ಹಾಡಿಕೊಳ್ಳುತ್ತಿದ್ದಳು. ಪೂನಮ್ ಬಹಳ ಹೊತ್ತು ತನ್ನ ಬೆರಳಿನ ಹಸಿರು ಬಣ್ಣವನ್ನು ಉಗುರಿನಿಂದ ಕೆರೆಯುತ್ತ ನಿಂತಳು. ಬೈದಿದ್ದರೆ ದಾಕ್ಷಾಯಿಣಿಗೆ ಎಷ್ಟೋ ಹಗುರಾಗುತ್ತಿತ್ತು.

“ಹಿಂಗ ಅನಸ್ತೈತಿ ಅಂತ ನೀವ ಮೊದಲ ಹೇಳಿದ್ದರ,” ಎಂದಳು ಕೊನೆಗೆ, “ಹಣ್ಣು ನಿಮ್ಮ ಹೆಸರಲೇನ ಕಳಸ್ತಿದ್ದೆ ಅಕ್ಕಾ. ನಂಗೇನ್ ಆಗೂದಿತ್ತು?”

ದಾಕ್ಷಾಯಿಣಿ ಹಣ್ಣನ್ನು ಗೂಡಿನಲ್ಲಿ, ಪೇರಲಗಳ ಪಕ್ಕ ಇಟ್ಟಳು. ಪೂನಮ್ ಅದನ್ನು ತೆಗೆದು ಅವಳ ಕೈಗೇ ವಾಪಸು ಕೊಟ್ಟಳು.

“ಒಯ್ರಿ. ನಿಮ್ಮ ಹೆಸರೈತಿ ಅದಕ್ಕ. ನಮ್ಮನ್ಯಾಗ ಬ್ಯಾಡ.”

“ಪೂನಮ್...”

“ಕಡೀ ಬಸ್ ಆರಕ್ಕ ಐತ್ರಿ. ತಪ್ಪತೈತಿ.”

ರಿ ಎಂದಳು, ಮರ್ಯಾದೆ ಬಿಡಲಿಲ್ಲ. ಅಕ್ಕಾ ಎನ್ನಲಿಲ್ಲ. ಬಾಗಿಲವರೆಗೆ ಕಳಿಸಲು ಬಂದವಳು ರಾಯವ್ವ ಒಬ್ಬಳೇ. “ಮತ್ತ ಬರ್ರಿ,” ಎಂದಳು ಆ ತಾಯಿ. ಅವಳಿಗೆ ಇನ್ನೂ ಏನೂ ಗೊತ್ತಿರಲಿಲ್ಲ.

ಬಸ್ಸಿನಲ್ಲಿ ಜನ ತುಂಬಿದ್ದರು. ದಾಕ್ಷಾಯಿಣಿಯ ಮಡಿಲಲ್ಲಿ ಹಣ್ಣು. ಕಾಶೆವ್ವ ಅಂತ ಕಂಡಕ್ಟರು ಮಾತಾಡಿಸುತ್ತಿದ್ದ ಪಕ್ಕದ ಸೀಟಿನ ಮುದುಕಿ ಅದನ್ನು ನೋಡಿ ನೋಡಿ ತಡೆಯಲಾರದೆ ಕೇಳಿದಳು, “ಟಮಾಟಿ ಭಾಳ ದೊಡ್ಡದೈತಲ್ಲ ಯವ್ವಾ, ಎಲ್ಲಿ ತಂದಿ?”

“ಟಮಾಟಿ ಅಲ್ಲಬೇ. ಕಟಗೀದು.”

ಮುದುಕಿ ಹಣ್ಣನ್ನು ಇಸಿದುಕೊಂಡು, ಬೆರಳಿನಿಂದ ತಟ್ಟಿ ನೋಡಿ, ಬೊಚ್ಚು ಬಾಯಿ ತುಂಬ ನಕ್ಕಳು. ತಿರುಗಿಸಿ ಅಡಿಯನ್ನು ಕಣ್ಣಿಗೆ ಹತ್ತಿರ ಹಿಡಿದಳು. “ಏನೋ ಬರದಾರ. ಯಾರ ಹೆಸರ ಇದು?”

“ನಂದು.”

“ನಿಂದೇನ? ಭಾಗ್ಯವಂತಿ ಅದಿ ಬಿಡು. ಯಾರ ಮಾಡಿ ಕೊಟ್ರು?”

ಬಸ್ಸು ಗೋಕಾಕದ ಕಡೆ ಹೊರಳಿತು. ದಾಕ್ಷಾಯಿಣಿ ಹಣ್ಣನ್ನು ವಾಪಸು ಇಸಿದುಕೊಂಡು ಸೆರಗಿನಲ್ಲಿ ಮುಚ್ಚಿದಳು.

“ಒಬ್ಬಾಕಿ ಗೆಳತಿ ಇದ್ದಳಬೇ,” ಎಂದಳು.